ವ್ಯಾನಿಗೆ ಹಾಕಿದ ಕೀಲೆಣ್ಣೆ

ನಮ್ಮ ಮನೆಯ ಮುಂದಿನ ಕೋಣೆಗೆ ಬೆಳಕು ಬರುತ್ತಿದ್ದುದು ಅಪ್ಪನ ವ್ಯಾನು ಹೊರಗೆ ಹೋಗಿದ್ದಾಗ ಮಾತ್ರ. ವೆಸ್ಟ್ ಮಾಂಬಲಂನ ಆ ಗಲ್ಲಿಯಲ್ಲಿ ಒಂದು ಗಾಡಿ ನಿಂತರೆ ಪಕ್ಕದಲ್ಲಿ ಸೈಕಲ್ಲು ನುಸುಳುವುದೇ ಕಷ್ಟ. ಹಾಗಾಗಿ ಅಪ್ಪ ಅದನ್ನು ಗೋಡೆಗೆ ಒತ್ತಿ, ಕಿಟಕಿಗೆ ಅಡ್ಡಲಾಗಿ ನಿಲ್ಲಿಸುತ್ತಿದ್ದರು. ಸರಳಿನ ಸಂದಿಯಿಂದ ಕೈ ಚಾಚಿದರೆ ಅದರ ಹಸಿರು ಬಾಗಿಲು ಸಿಗುತ್ತಿತ್ತು. ಹಿಂದೆ ತೆರೆದ ತೊಟ್ಟಿಯಿದ್ದ ಹಳೆಯ ಪಿಕಪ್ ವ್ಯಾನು ಅದು. ಅಪ್ಪ ಕೊಳ್ಳುವಾಗಲೇ ಇಬ್ಬರ ಕೈ ದಾಟಿ ಬಂದಿತ್ತು. ಅಪ್ಪ ಅಡುಗೆ ಕಂಟ್ರಾಕ್ಟರು. ಮದುವೆ, ಮುಂಜಿ, ಸೀಮಂತ, ಸತ್ಯನಾರಾಯಣ ಪೂಜೆ ಎಂದರೆ ಮದರಾಸಿನ ಕನ್ನಡದ ಮನೆಯವರು ಅಪ್ಪನಿಗೆ ಹೇಳಿಕಳಿಸುತ್ತಿದ್ದರು. ದೊಡ್ಡ ಸಮಾರಂಭವಾದರೆ ಪಾತ್ರೆಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಹೋಗಿ ಅಲ್ಲೇ ಒಲೆ ಹೂಡುವುದು. ಚಿಕ್ಕದಾದರೆ ನಮ್ಮ ಹಿತ್ತಲಲ್ಲೇ ಅಡುಗೆ ಮಾಡಿ ಬಿಸಿ ಕೊಳಗಗಳನ್ನು ವ್ಯಾನಿನಲ್ಲಿಟ್ಟು ಒಯ್ಯುವುದು. ವ್ಯಾನು ನಿಂತರೆ ಒಲೆಯೂ ನಿಂತ ಹಾಗೆ ಎಂದು ಅಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು, ಹೆಚ್ಚಾಗಿ ಅಮ್ಮ ಬೇರೆ ಯಾವುದಾದರೂ ಖರ್ಚಿನ ಮಾತೆತ್ತಿದಾಗ.

ನಾನು ಆ ಮನೆಗೆ ಬಂದದ್ದು ಐದನೇ ತರಗತಿ ಮುಗಿದ ಮೇಲೆ. ಅಲ್ಲಿಯವರೆಗೆ ನಂಜನಗೂಡಿನ ಹತ್ತಿರದ ಹಳ್ಳಿಯಲ್ಲಿ ಅಪ್ಪನ ತಾಯಿಯ ಜೊತೆ ಇದ್ದೆ. ಅಪ್ಪ ಅಮ್ಮ ಮದರಾಸಿನಲ್ಲಿ ಕಾಲೂರಲು ಒದ್ದಾಡುತ್ತಿದ್ದ ಕಾಲದಲ್ಲಿ ನನ್ನನ್ನು ಸಾಕಿದವಳು ಅಜ್ಜಿ. ನನ್ನ ಓದು ಎಂದರೆ ಆ ಹಳ್ಳಿ ಶಾಲೆಯ ಐದು ವರ್ಷ, ಅಷ್ಟೇ. ತಮಿಳು ಬಾರದ ಹುಡುಗಿಯನ್ನು ಇಲ್ಲಿ ಯಾವ ಕ್ಲಾಸಿಗೆ ಸೇರಿಸುವುದೆಂದು ಯೋಚಿಸುವುದರಲ್ಲೇ ಒಂದು ವರ್ಷ ಹೋಯಿತು, ಆಮೇಲೆ ಯಾರೂ ಯೋಚಿಸಲಿಲ್ಲ. ಅಜ್ಜಿಯ ಕಣ್ಣು ಮಂಜಾಗತೊಡಗಿದ್ದರಿಂದ ನಾವಿಬ್ಬರೂ ಒಟ್ಟಿಗೇ ಬಂದೆವು. ಗಲ್ಲಿಯಲ್ಲಿ ಯಾರಾದರೂ ನನ್ನನ್ನು ಮಾತಾಡಿಸಿದರೆ ನಾನು ಅಜ್ಜಿಯ ಹಿಂದೆ. ಅಜ್ಜಿಯನ್ನು ಮಾತಾಡಿಸಿದರೆ ಅಜ್ಜಿ ನನ್ನ ಹಿಂದೆ. ಅಮ್ಮನ ಹತ್ತಿರ ಸಂಕೋಚ, ಅಪ್ಪನ ಹತ್ತಿರ ಹೆದರಿಕೆ. ತಟ್ಟೆಯಲ್ಲಿ ಬಡಿಸಿದ್ದನ್ನು ಉಣ್ಣುವುದು, ಸಾಲದಿದ್ದರೂ ಇನ್ನಷ್ಟು ಕೇಳದೆ ಎದ್ದು ಕೈ ತೊಳೆಯುವುದು. ಅಪ್ಪನ ಎದುರು ‘ಹೂಂ’, ‘ಇಲ್ಲ’ ಬಿಟ್ಟು ಮೂರನೆಯ ಮಾತಾಡಿದ್ದು ನೆನಪಿಲ್ಲ. ಮೊಮ್ಮಕ್ಕಳೇ, ನೀವು ನಿಮ್ಮಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡು ತಮಿಳಿನಲ್ಲಿ ವಾದ ಮಾಡುವುದನ್ನು ನೋಡಿದಾಗೆಲ್ಲ ನನಗೆ ಒಳಗೊಳಗೇ ಆಶ್ಚರ್ಯ.

ಮನೆಯಲ್ಲಿ ದೇವರಿಗೆ ಎಷ್ಟು ನೇಮವಿತ್ತೋ ವ್ಯಾನಿಗೂ ಅಷ್ಟೇ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಅದಕ್ಕೆ ನೀರು. ಬಾವಿಯ ಉಪ್ಪುನೀರು ಹಾಕಿದರೆ ರೇಡಿಯೇಟರಿನೊಳಗೆ ಸುಣ್ಣ ಕಟ್ಟುತ್ತದೆಂದು, ಬೀದಿಯ ಪಂಪಿನಲ್ಲಿ ಸಾಲು ನಿಂತು ಹೊಡೆದು ತಂದ ಸಿಹಿನೀರಿನಲ್ಲಿ ಒಂದು ದೊಡ್ಡ ಚೊಂಬು ಅದಕ್ಕೆಂದೇ ಎತ್ತಿಡಬೇಕು. ಆಮೇಲೆ ಎಂಜಿನ್ ಎಣ್ಣೆಯ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ಬೆಳಕಿಗೆ ಹಿಡಿದು ನೋಡುವುದು. ವಾರಕ್ಕೊಮ್ಮೆ ಟೈರಿಗೆ ಗಾಳಿ, ಕೆಲವು ತಿಂಗಳಿಗೊಮ್ಮೆ ಎಣ್ಣೆ ಬದಲು, ಚಕ್ರದ ಬೇರಿಂಗಿಗೆ ಗ್ರೀಸು. ಇಷ್ಟು ಮಾಡಿದರೂ ಫ್ಯಾನ್ ಬೆಲ್ಟು, ಕ್ಲಚ್ಚಿನ ತಂತಿ, ಬ್ರೇಕಿನ ಶೂ ಒಂದಾದ ಮೇಲೊಂದು ಕೈಕೊಡುತ್ತಿದ್ದವು. ಒಂದು ಮುಂಜಿಯ ಸಂಪಾದನೆಯಲ್ಲಿ ಕಾಲುಭಾಗ ವ್ಯಾನಿನ ಹೊಟ್ಟೆಗೇ ಹೋಗುತ್ತಿತ್ತು.

“ನಾನು ಒಂದು ಸೀರೆ ಅಂದ್ರೆ ದೀಪಾವಳಿ ಬರಲಿ ಅಂತೀರ,” ಎನ್ನುತ್ತಿದ್ದಳು ಅಮ್ಮ. “ಈ ಸವತಿಗೆ ಮಾತ್ರ ತಿಂಗಳು ತಿಂಗಳೂ ಸೀಮಂತ.”

“ಸವತಿ ದುಡಿದು ಹಾಕ್ತಾಳೆ ಕಣೇ. ನೀನೂ ನಾನೂ ಅವಳ ಬೆನ್ನ ಮೇಲೆ ಕೂತು ತಿನ್ನೋರು.”

ಅಮ್ಮ ಅದಕ್ಕೆ ನಗುತ್ತಿದ್ದಳು. ನಾನು ಹೇಳಹೊರಟಿರುವ ವರ್ಷದಲ್ಲಿ ಆ ನಗು ನಿಂತುಹೋಯಿತು.

ವ್ಯಾನಿನ ಸೇವೆಯನ್ನೆಲ್ಲ ಮಾಡುತ್ತಿದ್ದವರು ಏಕಾಂಬರಂ ಎಂಬ ಮೆಕ್ಯಾನಿಕ್ಕು. ಗಿಂಡಿಯ ಕೈಗಾರಿಕಾ ಎಸ್ಟೇಟಿನ ಹಿಂದೆ ಸಾಲಾಗಿದ್ದ ತಗಡಿನ ಷೆಡ್ಡುಗಳಲ್ಲಿ ಕೊನೆಯದು ಅವರ ಬಾಡಿಗೆ ಷೆಡ್ಡು. ಸಣ್ಣ ಆಳು, ಹಣೆಯಲ್ಲಿ ವಿಭೂತಿ, ಮಾತು ಕಡಿಮೆ. ಚಿಕ್ಕಪುಟ್ಟ ಕೆಲಸಕ್ಕೆ ಅವರೇ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬರುತ್ತಿದ್ದರು. ಅಮ್ಮ ಅವರಿಗೆಂದು ಬೇರೆ ಇಟ್ಟಿದ್ದ ಲೋಟದಲ್ಲಿ ಕಾಫಿ ಕೊಟ್ಟರೆ ಜಗಲಿಯ ಮೇಲೆ ಕೂತು ಕುಡಿದು, ಲೋಟ ತೊಳೆದು ಕವುಚಿಡುತ್ತಿದ್ದರು. ನಾನು ಕಿಟಕಿಯ ಒಳಗಿನಿಂದ ಅವರ ಕೆಲಸ ನೋಡುತ್ತಿದ್ದೆ. ಒಮ್ಮೆ ಅವರು ನನ್ನನ್ನು ಕರೆದು, ಜ್ಯಾಕಿನ ಮೇಲೆ ಎತ್ತಿದ ಚಕ್ರವನ್ನು ತಿರುಗಿಸಿ, ತಿರುಪು ಬಿಚ್ಚುವ ಉದ್ದನೆಯ ತಿರುಪುಳಿಯ ಒಂದು ತುದಿಯನ್ನು ಅದರ ನಡುವಿಗೆ ಒತ್ತಿ ಇನ್ನೊಂದು ತುದಿಯನ್ನು ನನ್ನ ಕಿವಿಗೆ ಹಿಡಿದರು.

“ಉಳ್ಳೆ ಏದಾವದು ಅಳುದಾ, ಪಾಪ್ಪಾ?”

ಒಳಗೆ ಏನಾದರೂ ಅಳುತ್ತಿದೆಯೇ ಎಂದು. ಏನೂ ಅಳುತ್ತಿರಲಿಲ್ಲ, ಅಕ್ಕಿ ಕೇರುವಂಥ ಮೆತ್ತನೆಯ ಸದ್ದು. ನಾನು ತಲೆಯಾಡಿಸಿದೆ. ಅವರು ಚಕ್ರದ ನಡುವಿನ ಬಟ್ಟಲಿನಂಥ ಮುಚ್ಚಳ ತೆಗೆದು, ಒಳಗೆ ಬೆಣ್ಣೆಯ ಹಾಗೆ ತುಂಬಿದ್ದ ಗ್ರೀಸನ್ನು ತೋರಿಸಿದರು. ಇದಿದ್ದರೆ ಅದು ಅಳುವುದಿಲ್ಲ ಎಂದರು.

ಆಮೇಲೆ ಒಂದು ಮುಂಜಿಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಹೆಂಗಸೊಬ್ಬಳು ಅಜ್ಜಿಗೆ ಆ ಮಾತು ಹೇಳಿದಳು. ಅವಳು ಕೊಳ್ಳೇಗಾಲದ ಕಡೆಯವಳು. ಅವಳ ಕನ್ನಡ ಕೇಳಿಯೇ ಅಜ್ಜಿ ಹೋಗಿ ಪಕ್ಕ ಕೂತಿದ್ದಳು. ಗಾಡಿಗಳಿಗೆ ಹಾಕುವ ಗ್ರೀಸು ದನದ ಕೊಬ್ಬು ಕಾಯಿಸಿ ಮಾಡಿದ್ದಂತೆ, ಬಸ್ಸು ತೊಳೆಯುವ ಕೆಲಸದಲ್ಲಿದ್ದ ಅವಳ ತಮ್ಮನೇ ಹೇಳಿದನಂತೆ. ಅಜ್ಜಿ ಅವತ್ತು ಮನೆಗೆ ವ್ಯಾನಿನಲ್ಲಿ ಬರಲಿಲ್ಲ. ಕೂತು ಕೂತು ಕಾಲು ಹಿಡಿದಿದೆಯೆಂದು ಹೇಳಿ ನನ್ನ ಕೈ ಹಿಡಿದು ನಡೆದೇ ಬಂದಳು. ಬಂದವಳೇ ತಲೆಗೆ ನೀರು ಸುರಿದುಕೊಂಡು ಹಿತ್ತಲ ಬಾಗಿಲಲ್ಲಿ ಕೂತಳು.

“ನೈವೇದ್ಯದ ಅನ್ನ ಅದರ ಮೇಲೆ ಕೂತು ಹೋಗುತ್ತೆ ಪದ್ದು. ಇಷ್ಟು ದಿನ ಹೋಗಿದೆ.”

“ಅಪ್ಪಂಗೆ ಹೇಳೋಣ ಅಜ್ಜಿ.”

“ಹೇಳಿದ್ರೆ ನಗ್ತಾನೆ. ನಕ್ಕಿದ್ದನ್ನ ಇನ್ನೊಬ್ರ ಹತ್ರ ಆಡ್ತಾನೆ. ಒಂದು ಮನೆಯವರ ಕಿವಿಗೆ ಬೀಳಲಿ, ಆಮೇಲೆ ನಿಮ್ಮಪ್ಪನ ಕೈಯಿಂದ ಒಂದು ಲೋಟ ನೀರೂ ಯಾರೂ ಕುಡಿಯಲ್ಲ.”

ಅಜ್ಜಿ ಮೂಢಳೆಂದು ನಗಬೇಡಿ. ಅವಳು ತಿಳಿದ ಲೋಕದಲ್ಲಿ ಅವಳ ಲೆಕ್ಕ ಸರಿಯಾಗಿತ್ತು. ನಮ್ಮೂರಿನ ಎತ್ತಿನ ಗಾಡಿಗಳ ಕೆಳಗೆ ಒಂದೊಂದು ಬಿದಿರಿನ ಗೊಟ್ಟ ತೂಗುತ್ತಿತ್ತು, ಅದರೊಳಗೆ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿ ಮಾಡಿದ್ದು. ಅಚ್ಚಿಗೆ ಅದನ್ನು ಸವರಿದರೆ ಗಾಡಿ ಭತ್ತದ ಮೂಟೆ ಹೊತ್ತು ಮೈಸೂರಿಗೂ ಹೋಗಿ ಬರುತ್ತಿತ್ತು. “ತಲೆತಲಾಂತರದಿಂದ ತಿರುಗಿದ ಚಕ್ರ, ಯಾವುದು ನಿಂತಿದೆ ಹೇಳು?” ಎಂದಳು. ಊರಿನಿಂದ ತಂದ ಹರಳೆಣ್ಣೆಯ ಡಬ್ಬವಿತ್ತು, ಒಲೆಯ ಮಸಿಯಿತ್ತು, ಚಕ್ರದ ಮುಚ್ಚಳ ಹೇಗೆ ತೆಗೆಯುವುದೆಂದು ನೋಡಿದ್ದ ನಾನಿದ್ದೆ. ಅಪ್ಪ ಊಟ ಮಾಡಿ ಮಲಗಿದ್ದ, ಅಮ್ಮ ಪಂಪಿಗೆ ಹೋಗಿದ್ದ ಮಧ್ಯಾಹ್ನ ಅಜ್ಜಿ ಜಗಲಿಯಲ್ಲಿ ಕಾವಲು ನಿಂತಳು. ನಾನು ತಿರುಪುಳಿಯಿಂದ ಮುಂದಿನ ಎರಡು ಚಕ್ರಗಳ ಮುಚ್ಚಳ ಮೀಟಿ, ಬಾಳೆಲೆಯ ಚೂರಿನಿಂದ ಸಿಕ್ಕಷ್ಟು ಗ್ರೀಸು ಬಳಿದು, ಕೀಲೆಣ್ಣೆ ಹುಯ್ದು, ಮುಚ್ಚಳವನ್ನು ಕಲ್ಲಿನಿಂದ ತಟ್ಟಿ ಕೂರಿಸಿದೆ. ಬಳಿದದ್ದು ಮೋರಿಗೆ ಹೋಯಿತು. ಅಜ್ಜಿ ನನ್ನ ತಲೆಯ ಮೇಲೆ ಐದು ತಂಬಿಗೆ ನೀರು ಸುರಿದು, ತುಳಸಿಯ ಕಟ್ಟೆ ಮುಟ್ಟಿಸಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡಳು.

ಕೆಲವು ವಾರ ಏನೂ ಆಗಲಿಲ್ಲ. ಅಜ್ಜಿ ಸಮಾಧಾನದಿಂದ ವ್ಯಾನು ಹತ್ತಿದಳು. ಆಮೇಲೆ ಬ್ರೇಕು ಒತ್ತಿದಾಗ ವ್ಯಾನು ಬಲಕ್ಕೆ ಎಳೆಯತೊಡಗಿತು, ಎಡಗಡೆಯ ಮುಂದಿನ ಚಕ್ರ ಕಿರುಚತೊಡಗಿತು. ಅದು ಗಲ್ಲಿಯ ತಿರುವಿಗೆ ಬಂದ ಕೂಡಲೇ ಮನೆಯೊಳಗೆ ನನಗೆ ಕೇಳುತ್ತಿತ್ತು. ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತಿತ್ತು. ಏಕಾಂಬರಂ ಬಂದು ಚಕ್ರ ಬಿಚ್ಚಿದರು. ಗ್ರೀಸು ಕರಗಿ ನೀರಾಗಿದೆ, ಒಳಗಿನ ಸೀಲು ದಾಟಿ ಬ್ರೇಕಿನ ಶೂಗಳಿಗೆಲ್ಲ ಇಳಿದಿದೆ, ಹೀಗೆ ಯಾಕಾಯಿತೋ ತಿಳಿಯುತ್ತಿಲ್ಲ ಎಂದರು. ಸೀಲು ಬದಲಾಯಿಸಿ, ಹೊಸ ಶೂ ಹಾಕಿ, ಹೊಸದಾಗಿ ಗ್ರೀಸು ತುಂಬಿದರು. ಮುಂದಿನ ತಿಂಗಳು ಆಗಬೇಕಿದ್ದ ಎಣ್ಣೆ ಬದಲು ಅದರಿಂದ ನಿಂತುಹೋಯಿತು. ಅಪ್ಪ ಹಣ ಕೊಡುವಾಗ ಏನೂ ಅನ್ನಲಿಲ್ಲ, ಅವರು ಹೋದ ಮೇಲೆ ಅಮ್ಮನ ಹತ್ತಿರ ಅಂದರು.

“ನಂಬಿಕಸ್ತ ಅಂದ್ಕೊಂಡಿದ್ದೆ. ಅಗ್ಗದ ಗ್ರೀಸು ಹಾಕಿ ಒಳ್ಳೇದರ ಕಾಸು ತಗೊಂಡಿದಾನೆ.”

“ಹಾಗೆ ಮಾಡೋ ಮನುಷ್ಯ ಅಲ್ಲ ರೀ ಅವರು.”

“ಮತ್ತೆ ಗ್ರೀಸು ನೀರು ಯಾಕಾಯ್ತು? ನೀನು ಹೇಳು.”

ನಾನು ಬಾಗಿಲ ಹಿಂದೆ ಪಾತ್ರೆ ಒರೆಸುತ್ತಿದ್ದೆ. ಒಂದೇ ತಟ್ಟೆಯನ್ನು ಎಷ್ಟು ಹೊತ್ತು ಒರೆಸಿದೆನೋ ಗೊತ್ತಿಲ್ಲ. ಮಧ್ಯಾಹ್ನ ಅಜ್ಜಿ ಮತ್ತೆ ಹರಳೆಣ್ಣೆ ಡಬ್ಬ ಇಳಿಸಿದಾಗ ಮೊದಲ ಸಲ ಅವಳಿಗೆ ಎದುರು ಮಾತಾಡಿದೆ.

“ಬೇಡ ಅಜ್ಜಿ. ಅದ್ರಿಂದಲೇ ಚಕ್ರ ಕಿರುಚಿದ್ದು.”

“ಕಿರುಚಿದ್ದು ಆ ಹೊಲಸಿನಿಂದ. ನೀನು ಪೂರ್ತಿ ತೆಗೆದಿರಲಿಲ್ಲ. ಈ ಸಲ ಒಳಗೆ ಬೆರಳು ಹಾಕಿ ತೆಗಿ.”

ಬೆರಳು ಹಾಕಿ ತೆಗೆದೆ. ಪೂರ್ತಿ ತೆಗೆದೆ. ಎಣ್ಣೆಯನ್ನು ಮೊದಲಿಗಿಂತ ಹೆಚ್ಚು ಹುಯ್ದೆ.

ಆ ತಿಂಗಳ ಹುಣ್ಣಿಮೆಗೆ ರೈಲು ಹಳಿಯ ಆಚೆ ಟಿ. ನಗರದ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೆಳಗಿನ ಅಡುಗೆ ಮುಗಿಸಿ ಹೊರಟೆವು. ಅಪ್ಪ ಮುಂದೆ, ಹಿಂದಿನ ತೊಟ್ಟಿಯಲ್ಲಿ ಹುಳಿಯ ಕೊಳಗ ಹಿಡಿದುಕೊಂಡು ಅಮ್ಮ, ಅನ್ನದ ಕೊಳಗಕ್ಕೆ ಒರಗಿ ನಾನು. ಮನೆ ಬಿಟ್ಟ ಕೂಡಲೇ ಎಡಗಡೆಯ ಚಕ್ರದೊಳಗೆ ಅಳು ಶುರುವಾಯಿತು. ತಿರುಪುಳಿ ಬೇಕಿರಲಿಲ್ಲ, ಕೂತ ಹಲಗೆಯಿಂದಲೇ ಮೈಗೆ ತಿಳಿಯುತ್ತಿತ್ತು. ರೈಲ್ವೆ ಗೇಟಿನ ಹತ್ತಿರ ಗಂಟೆ ಹೊಡೆಯುತ್ತಿತ್ತು, ಅಡ್ಡಗಂಬ ಇಳಿಯುತ್ತಿತ್ತು. ಅಪ್ಪ ಯಾವಾಗಲೂ ಗೇಟಿಗೆ ತುಂಬಾ ಮೊದಲೇ ನಿಲ್ಲಿಸುವವರು. ಅವತ್ತು ವ್ಯಾನು ನಿಲ್ಲಲಿಲ್ಲ. ಒಂದು ಸಲ ತಲೆ ತಗ್ಗಿಸಿ ಬಲಕ್ಕೆ ತಿರುಗಿ ಮತ್ತೆ ಜಾರಿತು.

“ಹಿಡ್ಕೊಳ್ಳಿ!” ಎಂದು ಅಪ್ಪ ಕೂಗಿದ್ದು ಕೇಳಿತು. ಕೈಬ್ರೇಕು ಎಳೆದ ಸದ್ದು, ಆಮೇಲೆ ಅಡ್ಡಗಂಬಕ್ಕೆ ಬಡಿದ ಸದ್ದು. ಕಂಬ ಬಾಗಿತು, ವ್ಯಾನು ನಿಂತಿತು. ಕೊಳಗದ ಮುಚ್ಚಳ ಹಾರಿ ಹುಳಿ ಅಮ್ಮನ ಎಡಗಾಲಿನ ಮೇಲೆ ಚೆಲ್ಲಿತು. ಅಮ್ಮ ಕೂಗಿದ್ದು ಕೇಳಿಸಲಿಲ್ಲ; ಅಷ್ಟರಲ್ಲಿ ನಮ್ಮ ಮುಂದೆ ರೈಲು ಹೋಗುತ್ತಿತ್ತು. ಕಿಟಕಿಯಲ್ಲಿ ಕೂತವರ ಮುಖಗಳು ನನಗೆ ಒಂದೊಂದಾಗಿ ಕಾಣುವಷ್ಟು ಹತ್ತಿರ.

ಗೇಟಿನವನು ಬೈದದ್ದು, ಜನ ಸೇರಿದ್ದು, ಅಪ್ಪ ಮೊದಲನೇ ಗೇರಿನಲ್ಲಿ ವ್ಯಾನನ್ನು ನಡೆಸಿಕೊಂಡೇ ಆ ಮನೆ ಮುಟ್ಟಿಸಿದ್ದು ಇವೆಲ್ಲ ತುಂಡುತುಂಡಾಗಿ ನೆನಪಿದೆ. ಹುಳಿ ಇಲ್ಲದ ಪೂಜೆಯ ಊಟಕ್ಕೆ ಅಪ್ಪ ಅಲ್ಲೇ ಏನೋ ಗೊಜ್ಜು ಕಾಯಿಸಿದರು. ಊಟ ತಡವಾಯಿತು. ಆ ಮನೆಯ ಹಿರಿಯರು ಕೈ ಗಡಿಯಾರವನ್ನೂ ಅಪ್ಪನನ್ನೂ ಸರದಿಯಂತೆ ನೋಡುತ್ತಿದ್ದರು. ಅಮ್ಮನ ಕಾಲಿಗೆ ಯಾರೋ ಲೋಳೆಸರ ಹಚ್ಚಿ, ರಿಕ್ಷಾದಲ್ಲಿ ಮನೆಗೆ ಕಳಿಸಿದರು. ನನ್ನನ್ನು ಅಪ್ಪ ಮುಂದೆ ಕೂರಿಸಿಕೊಂಡು, ನನ್ನ ತೊಡೆಯ ಮೇಲೆ ಒಂದು ದಪ್ಪ ಕಲ್ಲಿಟ್ಟರು. ಗಿಂಡಿಗೆ ಹೋಗುವ ದಾರಿಯಲ್ಲಿ ಎಲ್ಲಿಯಾದರೂ ಬ್ರೇಕು ಹಿಡಿಯದಿದ್ದರೆ, ವ್ಯಾನು ನಿಧಾನವಾದಾಗ ನಾನು ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕು. ಕಲ್ಲು ಬಿಸಿಲಿಗೆ ಕಾದಿತ್ತು. ಅದನ್ನು ಎರಡೂ ಕೈಯಿಂದ ಅಪ್ಪಿಕೊಂಡು ಕೂತೆ. ಸೈದಾಪೇಟೆ ದಾಟುವಾಗ ಬಾಯಿ ತೆರೆದೆ.

“ಅಪ್ಪ...”

“ಸುಮ್ನಿರು. ಇವತ್ತು ಅವನೋ ನಾನೋ.”

ಷೆಡ್ಡಿನ ಮುಂದೆ ಆಮೇಲೆ ನಡೆದ ಮಾತು ತಮಿಳಿನದು. ನೆನಪಿದ್ದಷ್ಟನ್ನು ಹಾಗೆಯೇ ಬರೆದು ಉಳಿದದ್ದನ್ನು ನಮ್ಮ ಮಾತಿಗೆ ತಿರುಗಿಸಿದ್ದೇನೆ. ನಿಮಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತದೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಅಪ್ಪ ವ್ಯಾನಿನಿಂದ ಇಳಿಯುವ ಮೊದಲೇ ಕೂಗತೊಡಗಿದ್ದರು. ನನ್ನ ಹೆಂಡತಿಯ ಕಾಲು ಬೆಂದಿದೆ, ರೈಲಿಗೆ ಸಿಕ್ಕಿ ಮೂವರೂ ಹೋಗುತ್ತಿದ್ದೆವು, ಎಷ್ಟು ಉಳಿಯಿತು ನಿನಗೆ ಇದರಲ್ಲಿ ಎಂದರು. ಅಕ್ಕಪಕ್ಕದ ಷೆಡ್ಡುಗಳವರು ಬಂದು ನಿಂತರು. ಎಲ್ಲ ಷೆಡ್ಡುಗಳ ಯಜಮಾನ, ಬಿಳಿ ಅಂಗಿಯ ದಪ್ಪ ಮನುಷ್ಯ, ಕುರ್ಚಿಯಿಂದೆದ್ದು ಬಂದ. ಏಕಾಂಬರಂ ಜ್ಯಾಕು ಏರಿಸಿ, ಎಡಗಡೆಯ ಚಕ್ರದ ಮುಚ್ಚಳ ಮೀಟಿದರು. ಕಪ್ಪು ಎಣ್ಣೆ ಸುರಿದು ನೆಲದ ಮೇಲೆ ಹರಡಿತು. ಅದರಲ್ಲಿ ಬೆರಳು ಅದ್ದಿ ಮೂಗಿಗೆ ಹಿಡಿದರು. ಇನ್ನೊಂದು ಸಲ ಹಿಡಿದರು.

“ವಿಳಕ್ಕೆಣ್ಣೆ,” ಎಂದರು.

ಹರಳೆಣ್ಣೆ. ಯಜಮಾನನೂ ಬಗ್ಗಿ ಮೂಸಿ ನೋಡಿದ. ಹೌದು ಎಂದ. ಅಪ್ಪನ ಮುಖ ಕೆಂಪಾಯಿತು.

“ಗ್ರೀಸಿನ ದುಡ್ಡು ತಗೊಂಡು ಹರಳೆಣ್ಣೆ ಹಾಕಿದೀಯ? ಎಲ್ಲರೂ ನೋಡಿ. ಎಲ್ಲರೂ ನೋಡ್ಕೊಳ್ಳಿ!”

“ನಾನ್ ಪೋಡಲೆ ಸಾರ್,” ಎಂದರು ಏಕಾಂಬರಂ. ನಾನು ಹಾಕಲಿಲ್ಲ. ಅವರ ದನಿ ಏರಲಿಲ್ಲ. ಅದೇ ತಪ್ಪಾಯಿತು, ಕಳ್ಳನ ದನಿಯ ಹಾಗೆ ಕೇಳಿಸಿತು. ಯಜಮಾನ ನೆಲದ ಮೇಲಿನ ಎಣ್ಣೆ ನೋಡಿದ, ಸೇರಿದ್ದ ಜನರನ್ನು ನೋಡಿದ. ಇಂಥ ಕೆಲಸ ಇಲ್ಲಿ ನಡೆದರೆ ನನ್ನ ಸಾಲಿಗೆ ಒಂದು ಗಾಡಿಯೂ ಬರುವುದಿಲ್ಲ, ನಾಳೆ ಸಾಮಾನು ತೆಗೆದು ಷೆಡ್ಡು ಖಾಲಿ ಮಾಡು ಎಂದ.

ಏಕಾಂಬರಂ ಎಣ್ಣೆಯ ಬೆರಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದರು. ಜಗಳಾಡುತ್ತಾರೆಂದು ಕಾದೆ, ಆಡಲಿಲ್ಲ. ನನ್ನ ತೊಡೆಯ ಮೇಲೆ ಕಲ್ಲು ಇನ್ನೂ ಇತ್ತು. ಅದನ್ನು ಸೀಟಿನ ಮೇಲಿಟ್ಟು ಇಳಿದೆ. ಗಂಡಸರ ನಡುವೆ ನಡೆದದ್ದು, ನನ್ನ ಲಂಗದ ಮೇಲೆ ಹುಳಿಯ ಕಲೆ ಇದ್ದದ್ದು ಇವತ್ತಿಗೂ ನೆನಪಿದೆ.

“ನಾನ್ ದಾನ್,” ಎಂದೆ. “ನಾನ್ ದಾನ್ ಊತ್ತಿನೇನ್.”

ನಾನೇ ಹುಯ್ದೆ. ಅದು ನಾನು ಮನೆಯ ಹೊರಗೆ ಆಡಿದ ಮೊದಲ ತಮಿಳು. ಎಲ್ಲರೂ ತಿರುಗಿದರು. ಅಪ್ಪ ಕನ್ನಡದಲ್ಲಿ “ಏನಂದೆ?” ಎಂದರು. ನಾನೂ ಕನ್ನಡದಲ್ಲಿ, ಅವರ ಅಂಗಿಯ ಗುಂಡಿಯನ್ನೇ ನೋಡುತ್ತ, ಎಲ್ಲ ಹೇಳಿದೆ. ಅಜ್ಜಿ, ಕೊಳ್ಳೇಗಾಲದ ಹೆಂಗಸು, ದನದ ಕೊಬ್ಬು, ಕೀಲೆಣ್ಣೆ. ಅಪ್ಪನ ಮುಖದಿಂದ ಸಿಟ್ಟು ಹೋಗಿ ಬೇರೆ ಏನೋ ಬಂತು. ಅವರು ಥಟ್ಟನೆ ಸುತ್ತ ನೋಡಿದರು. ಆ ಜನರಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ನೋಡಿದ್ದು ಅದು.

“ಎನ್ನ ಸೊಲ್ಲುದು ಪಾಪ್ಪಾ?” ಮಗು ಏನು ಹೇಳುತ್ತಿದೆ ಎಂದು ಕೇಳಿದರು ಏಕಾಂಬರಂ.

“ಏನಿಲ್ಲ,” ಎಂದರು ಅಪ್ಪ. “ಹಳ್ಳಿಯ ಮಗು. ಗಾಡಿ ಆಟ ಆಡೋಕೆ ಎಣ್ಣೆ ಸುರಿದಿದಾಳೆ. ತಪ್ಪು ನಮ್ಮದು.”

ಯಜಮಾನ ಹಣೆ ಚಚ್ಚಿಕೊಂಡು, ಸೊಪ್ಪು ತಿನ್ನುವವರ ಮನೆಯಲ್ಲಿ ಮಕ್ಕಳಿಗೂ ಬುದ್ಧಿ ಸೊಪ್ಪೇ ಎಂದು ನಗಾಡಿ ಕುರ್ಚಿಗೆ ಹೋದ. ಜನ ಚದುರತೊಡಗಿದರು. ಅಲ್ಲಿಗೆ ಮುಗಿಯಬಹುದಿತ್ತು. ಏಕಾಂಬರಂ ಮೇಲಿನ ಕಳಂಕ ಹೋಗಿತ್ತು, ಅಪ್ಪನ ಕಸುಬು ಉಳಿದಿತ್ತು, ಅಜ್ಜಿಯ ಹೆಸರು ಬಂದಿರಲಿಲ್ಲ. ಆದರೆ ಏಕಾಂಬರಂ ಗ್ರೀಸಿನ ಡಬ್ಬ ಹಿಡಿದು ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಬೈಯುವ ದನಿಯಲ್ಲ, ರೋಗಿಯನ್ನು ವಿಚಾರಿಸುವವರ ದನಿ.

“ತಿರುಂಬ ಪಣ್ಣುವಿಯಾ?”

ಮತ್ತೆ ಮಾಡುತ್ತೀಯಾ. ಮಾಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಅವರು ಗ್ರೀಸು ತುಂಬುತ್ತಾರೆ, ನಾಳೆ ಮಧ್ಯಾಹ್ನ ಅಜ್ಜಿ ಡಬ್ಬ ಇಳಿಸುತ್ತಾಳೆ, ನನಗೆ ಅವಳನ್ನು ತಡೆಯಲಾಗುವುದಿಲ್ಲ. ತಿಂಗಳಾದ ಮೇಲೆ ಮತ್ತೆ ಆ ಗೇಟು. ಆಟ ಎಂದು ಬಿಟ್ಟರೆ ಆ ಗೇಟು ಹಾಗೇ ಉಳಿಯುತ್ತದೆ. ನನಗೆ ಗೊತ್ತಿದ್ದ ತಮಿಳನ್ನೆಲ್ಲ ತಡಕಿದೆ. ಮಾಡು ಎಂದರೆ ದನ, ಹಾಲಿನವನಿಂದ ಕಲಿತದ್ದು. ಕೊಳುಪ್ಪು ಎಂಬುದನ್ನು ಪಂಪಿನ ಹತ್ತಿರ ಹೆಂಗಸರ ಜಗಳದಲ್ಲಿ ಕೇಳಿದ್ದೆ. ಅವರ ಕೈಯಲ್ಲಿದ್ದ ಗ್ರೀಸಿನ ಡಬ್ಬ ತೋರಿಸಿದೆ.

“ಇದು... ಮಾಟ್ಟು ಕೊಳುಪ್ಪು. ಪಾಟಿ ಸೊನ್ನಾಂಗ.”

ಇದು ದನದ ಕೊಬ್ಬು, ಅಜ್ಜಿ ಹೇಳಿದರು ಎಂದು. ಅಪ್ಪ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಏಕಾಂಬರಂ ಕೂತಲ್ಲಿಂದ ಏಳಲಿಲ್ಲ. ಅವರಿಗೆ ಅವಮಾನವಾಗುತ್ತದೆ, ನಮ್ಮನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಡಬ್ಬವನ್ನು ಮೆಲ್ಲನೆ ನೆಲಕ್ಕಿಟ್ಟು ತಮ್ಮ ಎರಡು ಕೈಗಳನ್ನು ನೋಡಿಕೊಂಡರು. ಅಂಗೈ, ಮುಂಗೈ. ಉಗುರಿನ ಸಂದು. ಮೈಗೆ ತಾಗದಂತೆ ಅವನ್ನು ದೂರ ಹಿಡಿದುಕೊಂಡರು.

“ಸಾರ್, ನಾನ್ ಸುದ್ಧ ಸೈವಂ,” ಎಂದರು. “ಮುಟ್ಟೆ ಕೂಡ ತೊಡಮಾಟ್ಟೇನ್.”

ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಇಪ್ಪತ್ತು ವರ್ಷದಿಂದ ಆ ಕೈಯಿಂದಲೇ ಗ್ರೀಸು ತುಂಬಿ, ಸೀಮೆಎಣ್ಣೆಯಲ್ಲಿ ಒರೆಸಿಕೊಂಡು, ಅದೇ ಕೈಯಿಂದ ಅನ್ನ ಕಲಸಿ ಉಂಡವರು. ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಅವರಿಗೆ ಓದಲು ಬಾರದು. ಅಪ್ಪನ ಕೈಗೆ ಕೊಟ್ಟು, ಏನು ಹಾಕಿದೆ ಓದಿ ಹೇಳಿ ಸಾರ್ ಎಂದರು. ಅಪ್ಪ ಡಬ್ಬ ತಿರುಗಿಸಿ ತಿರುಗಿಸಿ ಓದಿದರು. ಹೆಸರಿತ್ತು, ತೂಕವಿತ್ತು. ಅದರಲ್ಲಿ ಏನಿದೆಯೆಂದು ಇರಲಿಲ್ಲ. ಅಪ್ಪ ತಲೆಯಾಡಿಸಿದರು. ಅಷ್ಟು ಹೊತ್ತಿಗೆ ಅಪ್ಪನ ಕೂಗೆಲ್ಲ ಎಲ್ಲಿ ಹೋಗಿತ್ತೋ. ಇಬ್ಬರು ಗಂಡಸರು ಒಂದು ಡಬ್ಬವನ್ನು ನಡುವೆ ಇಟ್ಟುಕೊಂಡು ನಿಂತಿದ್ದರು.

ಏಕಾಂಬರಂ ಹೋಗಿ ಕೈ ತೊಳೆದರು. ಸೀಮೆಎಣ್ಣೆ, ಆಮೇಲೆ ಸೋಪಿನ ಪುಡಿ, ಆಮೇಲೆ ಮಣ್ಣು. ತುಂಬಾ ಹೊತ್ತು ತೊಳೆದರು. ಬಂದು, ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಇದಿಲ್ಲದೆ ಬೇರಿಂಗು ನಿಲ್ಲುವುದಿಲ್ಲ ಎಂಬುದು ಗೊತ್ತು ಎಂದರು. ನನ್ನನ್ನು ಕರೆದು ಮುಕ್ಕಾಲಿಯ ಮೇಲೆ ಕೂರಿಸಿದರು.

“ಅವಳು ಬೇಡ ಏಕಾಂಬರಂ, ನೀನೇ ಹಾಕಪ್ಪ,” ಎಂದರು ಅಪ್ಪ.

“ನಿಮ್ಮ ಮನೆಯವರ ಕೈಯಿಂದಲೇ ಹೋಗಲಿ ಸಾರ್. ನಾಳೆ ನಾನು ಹಾಕಲಿಲ್ಲ ಅಂತ ಯಾರೂ ಹೇಳಬಾರದು.”

ಅಪ್ಪ ತಲೆ ತಗ್ಗಿಸಿದರು. ಕ್ಷಮಿಸು ಎನ್ನುವುದು ಅವರಿಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಹೊಸ ಸೀಲಿಗೂ ಶೂಗಳಿಗೂ ಹಣ ಎಣಿಸಿ ಬೆಂಚಿನ ಮೇಲಿಟ್ಟರು. ನಾನು ಎಡ ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು, ತೊಳೆದ ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ತುಂಬಿದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯ ಸಂದಿಯಿಂದ ಶಾವಿಗೆಯ ಎಳೆಯ ಹಾಗೆ ಹೊರಗೆ ಬರಬೇಕು. ಏಕಾಂಬರಂ ಎರಡು ಮಾರು ದೂರ ಕೂತು “ಇನ್ನುಂ, ಇನ್ನುಂ” ಎನ್ನುತ್ತಿದ್ದರು. ಅಲ್ಲಿಂದ ಮುಂದೆ, ನನ್ನ ಮದುವೆಯಾಗಿ ನಿಮ್ಮ ತಾತನ ಮನೆಗೆ ಹೋಗುವವರೆಗೂ, ನಮ್ಮ ವ್ಯಾನಿನ ಚಕ್ರಗಳಿಗೆ ಗ್ರೀಸು ತುಂಬಿದ್ದು ನಾನೇ. ಅವರು ಕೋಲಿನಿಂದ ತೋರಿಸುತ್ತಿದ್ದರು, ಕೂಲಿ ಪೂರ್ತಿ ತೆಗೆದುಕೊಳ್ಳುತ್ತಿದ್ದರು, ಆ ಮುಚ್ಚಳವನ್ನು ಒಮ್ಮೆಯೂ ಮುಟ್ಟಲಿಲ್ಲ. ಬೇರೆ ಗಾಡಿಗಳಿಗೆ ಅವರೇ ಹಾಕುತ್ತಿದ್ದರು, ಹಾಕದೆ ಬದುಕುವುದು ಹೇಗೆ. ಆದರೆ ಪ್ರತಿಸಲವೂ ಮಣ್ಣು ಹಾಕಿ ಬಹಳ ಹೊತ್ತು ಕೈ ತೊಳೆಯುತ್ತಿದ್ದರು. ಮೊದಲು ಹಾಗೆ ತೊಳೆಯುತ್ತಿರಲಿಲ್ಲ. ಅದನ್ನು ಅವರಿಗೆ ಕೊಟ್ಟವಳು ನಾನು. ಸತ್ಯ ಹೇಳಿದೆನೆಂದು ನಿಮಗೆ ಬರೆಯುತ್ತ ಇದನ್ನು ಬಿಟ್ಟುಬಿಟ್ಟರೆ ಅರ್ಧ ಹೇಳಿದ ಹಾಗೆ. ಟಿ. ನಗರದ ಆ ಮನೆಯವರು ಮತ್ತೆ ಅಪ್ಪನಿಗೆ ಹೇಳಿಕಳಿಸಲಿಲ್ಲ. ಊಟ ತಡವಾದದ್ದಕ್ಕೋ, ಮಾತು ಅವರವರೆಗೂ ಹೋದದ್ದಕ್ಕೋ ತಿಳಿಯಲಿಲ್ಲ. ಅಪ್ಪ ಅದನ್ನು ಕೇಳಿ ತಿಳಿದುಕೊಳ್ಳುವ ಧೈರ್ಯ ಮಾಡಲಿಲ್ಲ.

ಅವತ್ತು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಪ್ಪ ತಮ್ಮ ತಾಯಿಗೆ ಏನೂ ಹೇಳದೆ ಸ್ನಾನಕ್ಕೆ ಹೋದರು. ಅಮ್ಮ ಕಾಲು ಚಾಚಿ ಒಲೆಯ ಮುಂದೆ ಮಣೆಯ ಮೇಲೆ ಕೂತಿದ್ದಳು. ನಾನು ಹಿತ್ತಲಲ್ಲಿ ಸೀಗೆಪುಡಿ ಹಾಕಿ ಮೂರು ಸಲ ಕೈ ತೊಳೆದೆ, ವಾಸನೆ ಹೋಗಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮಂಜುಗಣ್ಣಿಗೆ ಕೈ ಕಾಣುತ್ತಿರಲಿಲ್ಲ, ಮೂಗಿಗೆ ತಿಳಿದಿತ್ತು.

“ಹೇಳಿಬಿಟ್ಟೆಯಾ?”

“ಹೂಂ ಅಜ್ಜಿ.”

“ತುಳಸಿ ಮುಟ್ಟಿದ್ದೆಯಲ್ಲ.”

“ಹೂಂ.”

“ಆ ರಿಪೇರಿಯವನೇನಂದ?”

“ಏನೂ ಅನ್ನಲಿಲ್ಲ. ಕೈ ನೋಡಿಕೊಂಡರು. ಮೊಟ್ಟೆನೂ ಮುಟ್ಟಲ್ವಂತೆ ಅಜ್ಜಿ ಅವರು. ಆಮೇಲೆ ಹೋಗಿ ಕೈ ತೊಳೆದರು, ತೊಳೆದರು, ಎಷ್ಟು ಹೊತ್ತಾದರೂ ಬರಲೇ ಇಲ್ಲ.”

ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಮೆಲ್ಲನೆ ಹೊಸ್ತಿಲ ಮೇಲೆ ಕೂತಳು. ಆ ಮನುಷ್ಯನಿಗೂ ಅಂಥದೊಂದು ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ. ನನಗೂ ಹೊಳೆದಿರಲಿಲ್ಲ.

“ಹಾಗಾದ್ರೆ ಇವತ್ತು ಅವನ ಗಂಟಲಲ್ಲಿ ಅನ್ನ ಇಳಿದಿರಲ್ಲ,” ಎಂದಳು.

ಅಮ್ಮ ಅವಳಿಗೆಂದು ಅವಲಕ್ಕಿ ಮೊಸರು ತಂದಿಟ್ಟಳು. ಅಜ್ಜಿ ಮುಟ್ಟಲಿಲ್ಲ. “ಯಾಕತ್ತೆ, ಏನಾಯ್ತು?” ಎಂದು ಅಮ್ಮ ಕೇಳಿದ್ದಕ್ಕೆ ಬೇಡವೆಂದು ಕೈಯಾಡಿಸಿ ಗೋಡೆಯ ಕಡೆ ತಿರುಗಿದಳು. ನನ್ನ ಮುಂದೆ ತಟ್ಟೆ ಬಂತು, ಅನ್ನ, ಬೆಳಗಿನದೇ ಸಾರು. ಗ್ರೀಸಿನ ವಾಸನೆಯ ಕೈಯಿಂದ ಕಲಸಿದೆ. ಅಜ್ಜಿ ಅಲ್ಲೇ ಇದ್ದಾಳೆ, ಉಣ್ಣುತ್ತಿಲ್ಲ, ನಾನು ಉಣ್ಣಬಾರದೇನೋ ಅನ್ನಿಸಿತು. ಆದರೆ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ತಟ್ಟೆ ಖಾಲಿಯಾಯಿತು.

“ಅಮ್ಮ, ಇನ್ನೊಂದು ಸ್ವಲ್ಪ ಅನ್ನ ಹಾಕು,” ಎಂದೆ.

ಅಮ್ಮ ಸೌಟು ಹಿಡಿದವಳು ಹಾಗೇ ನಿಂತು ನನ್ನ ಮುಖ ನೋಡಿದಳು. ಆಮೇಲೆ ಬೆಂದ ಕಾಲನ್ನು ಎಳೆದುಕೊಂಡು ಬಂದು ಬಡಿಸಿದಳು. ನಾನು ಉಂಡೆ.